ಟಿಪ್ಪಿನ ಮೂಗು ಎಷ್ಟು ದುಂಡಗಿರಬೇಕು?

ಲೇತಿನ ಮೇಲೆ ಉಕ್ಕಿನ ಸಲಾಕೆಯೊಂದನ್ನು ಕಡೆಯುವಾಗ ಅದನ್ನು ನಿಜವಾಗಿ ಮುಟ್ಟುವ ಭಾಗ ಬಹು ಚಿಕ್ಕದು. ಟನ್ನುಗಟ್ಟಲೆ ತೂಗುವ ಎರಕದ ಮೈ, ಮೋಟಾರು, ಹಲ್ಲುಗಾಲಿಗಳು ಇವೆಲ್ಲದರ ಶಕ್ತಿಯೂ ಕೊನೆಗೆ ಬಂದು ನಿಲ್ಲುವುದು ಬೆರಳ ತುದಿಯಷ್ಟಿರುವ ಒಂದು ಕಾರ್ಬೈಡ್ ತುಣುಕಿನ ಮೂಲೆಯಲ್ಲಿ. ಕಾರ್ಖಾನೆಗಳಲ್ಲಿ ಇದನ್ನು ಟಿಪ್ ಎಂದೋ ಇನ್ಸರ್ಟ್ ಎಂದೋ ಕರೆಯುವುದು ರೂಢಿ. ಇದರ ಮೂಲೆಯು ಸೂಜಿಯ ಮೊನೆಯಂತೆ ಚೂಪಾಗಿರುವುದಿಲ್ಲ. ಒಂದು ಸಣ್ಣ ವೃತ್ತದ ತುಂಡಿನಂತೆ ದುಂಡಗೆ ಮಾಡಲ್ಪಟ್ಟಿರುತ್ತದೆ. ಆ ವೃತ್ತದ ತ್ರಿಜ್ಯವನ್ನು 0.2, 0.4, 0.8, 1.2, 1.6 ಮಿಲಿಮೀಟರ್ ಎಂಬ ಮೆಟ್ಟಿಲುಗಳಲ್ಲಿ ಆರಿಸಿಕೊಳ್ಳಬಹುದು. ಯಾವುದನ್ನು ಆರಿಸಬೇಕು ಎಂಬುದೇ ಇಲ್ಲಿ ನಾವು ಚರ್ಚಿಸಬೇಕೆಂದಿರುವ ವಿಷಯ.

ಇದೇನು ಮಹಾ ಪ್ರಶ್ನೆ ಎಂದು ಕೆಲವರು ನಗಬಹುದು. ಎಷ್ಟೋ ಕಾರ್ಖಾನೆಗಳಲ್ಲಿ ಇದು ಪ್ರಶ್ನೆಯೇ ಅಲ್ಲ, ಪೆಟ್ಟಿಗೆಯಲ್ಲಿ 0.8 ಇದೆ, ಆದುದರಿಂದ ಎಲ್ಲ ಕೆಲಸಕ್ಕೂ 0.8. ಇನ್ನು ಕಾಲೇಜಿನ ವಿದ್ಯಾರ್ಥಿಯನ್ನು ಕೇಳಿದರೆ, ತ್ರಿಜ್ಯ ದೊಡ್ಡದಾದಷ್ಟೂ ಮೇಲ್ಮೈ ನಯವಾಗುತ್ತದೆ ಎಂದು ಸೂತ್ರಸಹಿತವಾಗಿ ಉತ್ತರ ಹೇಳಿ ಅಂಕಗಳನ್ನು ಪಡೆಯುತ್ತಾನೆ. ಮೊದಲನೆಯದು ಕೇವಲ ಅಭ್ಯಾಸ. ಎರಡನೆಯದು ಅರ್ಧ ಸತ್ಯ. ಅರ್ಧ ಸತ್ಯವನ್ನು ನಂಬಿ ನಡೆದಾಗ ಆಗುವ ನಷ್ಟವು ಅಭ್ಯಾಸದಿಂದ ಆಗುವ ನಷ್ಟಕ್ಕಿಂತ ಹೆಚ್ಚೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಸೂತ್ರವನ್ನು ಕಲಿತವನು ತನ್ನ ತಪ್ಪನ್ನು ಟಿಪ್ಪಿನಲ್ಲಿ ಹುಡುಕುವುದಿಲ್ಲ, ಯಂತ್ರದಲ್ಲಿಯೂ ಉಕ್ಕಿನಲ್ಲಿಯೂ ಹುಡುಕುತ್ತಾನೆ.

ಭೌತಶಾಸ್ತ್ರವನ್ನು ಪಾಠ ಹೇಳುವವರಿಗೆ ಲೇತಿನ ಗೊಡವೆ ಏಕೆ ಎಂದು ಕೇಳುವವರುಂಟು. ಈ ಪ್ರಶ್ನೆಯಲ್ಲಿ ಭೌತಶಾಸ್ತ್ರವಲ್ಲದ ಅಂಶ ಯಾವುದೆಂದು ನಾವು ತಿರುಗಿ ಕೇಳಬೇಕಾಗುತ್ತದೆ. ಪದವಿಪೂರ್ವ ತರಗತಿಯ ಪ್ರಯೋಗಶಾಲೆಯಲ್ಲಿ ಗೋಳಮಾಪಕವನ್ನು ಮುಟ್ಟದ ವಿದ್ಯಾರ್ಥಿಯಿಲ್ಲ. ಮೂರು ಕಾಲುಗಳ ಮೇಲೆ ನಿಂತು, ನಡುವಣ ಸ್ಕ್ರೂವಿನಿಂದ ಮಸೂರದ ಉಬ್ಬನ್ನು ಅಳೆಯುವ ಆ ಉಪಕರಣದ ಹಿಂದಿರುವ ಗಣಿತವೇ ಲೇತಿನ ಮೇಲೆಯೂ ನಡೆಯುತ್ತಿದೆ. ಸಲಾಕೆಯು ಒಂದು ಸುತ್ತು ಸುತ್ತುವಷ್ಟರಲ್ಲಿ ಟಿಪ್ಪು ಅದರ ಉದ್ದಕ್ಕೂ ಸ್ವಲ್ಪ ದೂರ ಸರಿಯುತ್ತದೆ. ಈ ದೂರಕ್ಕೆ ಫೀಡ್ ಎಂದು ಹೆಸರು. ಮೂಗು ದುಂಡಗಿರುವುದರಿಂದ ಪ್ರತಿಯೊಂದು ಸುತ್ತಿನಲ್ಲಿಯೂ ಅದು ಒಂದು ಸಣ್ಣ ತೋಡನ್ನು ಕೊರೆದು ಹೋಗುತ್ತದೆ. ಮುಂದಿನ ಸುತ್ತಿನಲ್ಲಿ ಪಕ್ಕದಲ್ಲಿಯೇ ಇನ್ನೊಂದು ತೋಡು. ಎರಡು ತೋಡುಗಳು ಕೂಡುವ ಕಡೆ ಒಂದು ದಿಣ್ಣೆ ಉಳಿಯುತ್ತದೆ. ಕೈಯಾಡಿಸಿದಾಗ ನಮಗೆ ತೋರುವ ಒರಟು ಈ ದಿಣ್ಣೆಗಳದ್ದು.

ದಿಣ್ಣೆಯ ಎತ್ತರವನ್ನು ಕಂಡುಹಿಡಿಯಲು ಪ್ರೌಢಶಾಲೆಯ ರೇಖಾಗಣಿತವೇ ಸಾಕು. ವೃತ್ತದೊಳಗೆ ಎರಡು ಜ್ಯಾಗಳು ಒಂದನ್ನೊಂದು ಕತ್ತರಿಸಿದರೆ ಅವುಗಳ ತುಂಡುಗಳ ಗುಣಲಬ್ಧಗಳು ಸಮವಷ್ಟೆ. ಇಲ್ಲಿ ಒಂದು ಜ್ಯಾ ಫೀಡಿನಷ್ಟು ಉದ್ದ, ಅದರ ಎರಡು ತುಂಡುಗಳೂ ಅರ್ಧರ್ಧ ಫೀಡು. ಅದಕ್ಕೆ ಅಡ್ಡಲಾಗಿರುವುದು ವ್ಯಾಸ. ಅದರ ಒಂದು ತುಂಡು ದಿಣ್ಣೆಯ ಎತ್ತರ, ಮತ್ತೊಂದು ಹೆಚ್ಚು ಕಡಿಮೆ ಇಡೀ ವ್ಯಾಸವೇ. ಆದುದರಿಂದ ಫೀಡಿನ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ದಿಣ್ಣೆಯ ಎತ್ತರ ದೊರೆಯುತ್ತದೆ. ತ್ರಿಜ್ಯ 0.8 ಮಿ.ಮೀ., ಫೀಡು ಸುತ್ತಿಗೆ 0.2 ಮಿ.ಮೀ. ಆದರೆ ಎತ್ತರ 6.25 ಮೈಕ್ರಾನ್, ಅದೇ ಫೀಡಿಗೆ ತ್ರಿಜ್ಯ 0.4 ಆದರೆ 12.5 ಮೈಕ್ರಾನ್. ಡ್ರಾಯಿಂಗುಗಳಲ್ಲಿ ಬರೆಯುವ ಸರಾಸರಿ ಒರಟುತನವು ಸ್ಥೂಲವಾಗಿ ಇದರ ನಾಲ್ಕನೆಯ ಒಂದು ಭಾಗ. ಆ ಲೆಕ್ಕದಲ್ಲಿ ಮೊದಲನೆಯದು 1.6, ಎರಡನೆಯದು 3.2. ತ್ರಿಜ್ಯವನ್ನು ಇಮ್ಮಡಿಸಿದರೆ ಒರಟು ಅರ್ಧವಾಯಿತು. ಇದನ್ನು ಕಂಡ ವಿದ್ಯಾರ್ಥಿಗೆ ದೊಡ್ಡ ತ್ರಿಜ್ಯವೇ ಶ್ರೇಷ್ಠವೆಂದು ತೋರುವುದು ಸಹಜ.

ಆದರೆ ಈ ಸೂತ್ರದಲ್ಲಿ ಒಂದು ಮಾತನ್ನು ಯಾರೂ ಬಾಯಿಬಿಟ್ಟು ಹೇಳದೆ ಸೇರಿಸಿಬಿಟ್ಟಿದ್ದಾರೆ. ಸಲಾಕೆಯು ಅಲುಗದೆ ನಿಂತಿದೆ, ಟಿಪ್ಪೂ ಅಲುಗದೆ ನಿಂತಿದೆ, ರೇಖಾಗಣಿತದ ಪುಸ್ತಕದಲ್ಲಿರುವಂತೆ ಎರಡೂ ಅಚಲವಾಗಿವೆ ಎಂಬುದೇ ಆ ಮಾತು. ಲೋಹವನ್ನು ಕೊರೆಯುವುದಕ್ಕೆ ಬಲ ಬೇಕು, ಬಲಕ್ಕೆ ಪ್ರತಿಬಲವುಂಟು, ಉಕ್ಕೂ ಸಹ ಬಲಕ್ಕೆ ಬಾಗುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನೂ ಹುಕ್ಕನ ನಿಯಮವನ್ನೂ ಬಾಯಿಪಾಠ ಮಾಡಿದವರು ಲೇತಿನ ಮುಂದೆ ನಿಂತಾಗ ಎರಡನ್ನೂ ಮರೆಯುವುದೇ ನಮಗೆ ವಿಚಿತ್ರವಾಗಿ ಕಾಣುತ್ತದೆ.

ಬಲವು ಯಾವ ದಿಕ್ಕಿಗೆ ತಳ್ಳುತ್ತದೆ ಎಂಬುದು ಇಲ್ಲಿ ಮುಖ್ಯ. ಕೊರೆಯುವ ಅಂಚು ತನಗೆ ಲಂಬವಾದ ದಿಕ್ಕಿನಲ್ಲಿ ಲೋಹವನ್ನು ನೂಕುತ್ತದೆ. ಅಂಚು ನೇರವಾಗಿದ್ದು ಸಲಾಕೆಯ ಅಕ್ಷಕ್ಕೆ ಅಡ್ಡಲಾಗಿ ನಿಂತಿದ್ದರೆ ನೂಕುವಿಕೆಯೆಲ್ಲವೂ ಸಲಾಕೆಯ ಉದ್ದಕ್ಕೆ, ಚಕ್ಕಿನ ಕಡೆಗೆ. ಆ ದಿಕ್ಕಿನಲ್ಲಿ ಸಲಾಕೆ ಕಂಬದಂತೆ ಗಟ್ಟಿ. ಆದರೆ ಕೊರೆತದ ಆಳವು ಮೂಗಿನ ತ್ರಿಜ್ಯಕ್ಕಿಂತ ಕಡಿಮೆಯಾದಾಗ ನೇರವಾದ ಅಂಚು ಲೋಹವನ್ನು ಮುಟ್ಟುವುದೇ ಇಲ್ಲ. ದುಂಡಾದ ಮೂಗಿನ ತಳಭಾಗ ಮಾತ್ರ ಕೆಲಸ ಮಾಡುತ್ತದೆ. ಬೆಣ್ಣೆಯನ್ನು ಚಾಕುವಿನ ಅಂಚಿನಿಂದ ತೆಗೆಯುವುದಕ್ಕೂ ಚಮಚದ ಬೆನ್ನಿನಿಂದ ಒತ್ತುವುದಕ್ಕೂ ಇರುವಷ್ಟೇ ವ್ಯತ್ಯಾಸ. ಲೆಕ್ಕ ಹಾಕಿ ನೋಡೋಣ. ಆಳ 0.2, ತ್ರಿಜ್ಯ 0.8 ಆದಾಗ, ಮುಟ್ಟುವ ಕಂಸದ ಎರಡು ತುದಿಗಳನ್ನು ಕೂಡಿಸುವ ಗೆರೆಯು ಅಕ್ಷದೊಡನೆ 21 ಡಿಗ್ರಿಗೆ ಸ್ವಲ್ಪ ಕಡಿಮೆಯಾದ ಕೋನವನ್ನು ಮಾಡುತ್ತದೆ. ನೂಕುವಿಕೆಯು ಇದಕ್ಕೆ ಲಂಬವೆಂದು ಎಣಿಸಿದರೆ ಅದರ 93 ಪಾಲು ಸಲಾಕೆಯನ್ನು ಪಕ್ಕಕ್ಕೆ ತಳ್ಳುವುದಕ್ಕೆ ಹೋಗುತ್ತದೆ, ಉದ್ದಕ್ಕೆ ತಳ್ಳುವುದು ಕೇವಲ 35 ಪಾಲು. (ಇವು ಲಂಬ ಘಟಕಗಳಾದುದರಿಂದ ಕೂಡಿದರೆ ನೂರಾಗುವುದಿಲ್ಲ, ವರ್ಗಗಳನ್ನು ಕೂಡಬೇಕು.) ಆಳವೂ ತ್ರಿಜ್ಯವೂ ಸಮವಾದಾಗ ಕೋನ 45 ಡಿಗ್ರಿ, ಎರಡು ಘಟಕಗಳೂ ಸಮ. ಆಳವು ತ್ರಿಜ್ಯವನ್ನು ಮೀರಿದ ಮೇಲೆ ಅಂಚಿನ ನೇರ ಭಾಗವೂ ಸೇರಿಕೊಂಡು ಬಲ ಹೆಚ್ಚು ಹೆಚ್ಚಾಗಿ ಉದ್ದದ ಕಡೆಗೆ ತಿರುಗುತ್ತದೆ. ಚನ್ನಪಟ್ಟಣದಲ್ಲಿ ಮರದ ಬೊಂಬೆಗಳನ್ನು ಕಡೆಯುವವರು ಉಳಿಯನ್ನು ಕೈಯಲ್ಲಿ ಹಿಡಿದಿರುವುದರಿಂದ ಈ ನೂಕುವಿಕೆ ಅವರ ಮಣಿಕಟ್ಟಿಗೇ ತಿಳಿಯುತ್ತದೆ. ಲೋಹದ ಲೇತಿನಲ್ಲಿ ಅದು ತಿಳಿಯುವುದು ಸಲಾಕೆಗೆ. ಸಲಾಕೆ ಮಾತನಾಡುವುದಿಲ್ಲ, ಬಾಗುತ್ತದೆ.

ಎಷ್ಟು ಬಾಗುತ್ತದೆ? 20 ಮಿ.ಮೀ. ವ್ಯಾಸದ ಉಕ್ಕಿನ ಸಲಾಕೆಯೊಂದು ಚಕ್ಕಿನಿಂದ 120 ಮಿ.ಮೀ. ಹೊರಗೆ ಚಾಚಿಕೊಂಡಿದೆ, ತುದಿಗೆ ಯಾವ ಆಸರೆಯೂ ಇಲ್ಲ ಎಂದು ಭಾವಿಸೋಣ. ತುದಿಯಲ್ಲಿ ಪಕ್ಕಕ್ಕೆ 50 ನ್ಯೂಟನ್ ಬಲ, ಎಂದರೆ ಸುಮಾರು ಐದು ಕಿಲೋಗ್ರಾಂ ತೂಕದಷ್ಟು, ಬಿದ್ದರೆ ತುದಿಯು 0.018 ಮಿ.ಮೀ. ದೂರ ಸರಿಯುತ್ತದೆ. ಟಿಪ್ಪಿನಿಂದ ಅಷ್ಟು ದೂರ ಸರಿದದ್ದರಿಂದ ತ್ರಿಜ್ಯದಲ್ಲಿ ಅಷ್ಟು ಲೋಹ ಉಳಿಯಿತು, ವ್ಯಾಸದಲ್ಲಿ ಅದರ ಎರಡರಷ್ಟು, 0.036. ಚಕ್ಕಿನ ಬಳಿ ಈ ದೋಷವಿಲ್ಲ. ಆದುದರಿಂದ ಸಿಲಿಂಡರಾಗಬೇಕಾಗಿದ್ದ ಷಾಫ್ಟು ತುದಿಯ ಕಡೆಗೆ ದಪ್ಪನಾಗುತ್ತ ಹೋಗುತ್ತದೆ. ಬೇರಿಂಗ್ ಕೂರುವ 20 ಮಿ.ಮೀ. ವ್ಯಾಸದ ಷಾಫ್ಟಿಗೆ ಆರನೆಯ ದರ್ಜೆಯ ನಿಖರತೆಯನ್ನು ಕೇಳಿದರೆ ಅನುಮತಿಯಿರುವ ವ್ಯತ್ಯಾಸವೆಲ್ಲ ಸೇರಿ 0.013 ಮಿ.ಮೀ. ಮಾತ್ರ. ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿರಬಹುದು, ಬೇರಿಂಗ್ ಮಾತ್ರ ಒಳಗೆ ಹೋಗುವುದಿಲ್ಲ. ಚಾಚಿದ ಉದ್ದ ಎರಡರಷ್ಟಾದರೆ ಬಾಗುವಿಕೆ ಎಂಟರಷ್ಟು. ವ್ಯಾಸ ಅರ್ಧವಾದರೆ ಹದಿನಾರರಷ್ಟು. ಉದ್ದದ ಘನವನ್ನೂ ವ್ಯಾಸದ ನಾಲ್ಕನೆಯ ಘಾತವನ್ನೂ ಹೊಂದಿರುವ ಈ ಬಾಗುವಿಕೆಯ ಸೂತ್ರಕ್ಕೆ ಹೋಲಿಸಿದರೆ ಫೀಡಿನ ವರ್ಗದ ಸೂತ್ರ ಸಾಧು ಪ್ರಾಣಿ.

ತ್ರಿಜ್ಯವನ್ನು 0.8ರಿಂದ 0.4ಕ್ಕೆ ಇಳಿಸಿದರೆ ಎಲ್ಲವೂ ಸರಿಹೋಗುವುದೇ ಎಂದು ವಾಚಕರು ಕೇಳಬಹುದು. ದಿಕ್ಕಿನ ಬದಲಾವಣೆಯೊಂದನ್ನೇ ನೋಡಿದರೆ, 0.2 ಆಳಕ್ಕೆ ಪಕ್ಕದ ಪಾಲು 93ರಿಂದ 87ಕ್ಕೆ ಇಳಿಯುತ್ತದೆ. ಇಷ್ಟಕ್ಕಾಗಿ ಇಷ್ಟು ಮಾತೇ ಎನ್ನಿಸುವುದು ನ್ಯಾಯ. ಆದರೆ ಇನ್ನೊಂದು ಕಾರಣವೂ ಇದರೊಡನೆ ಕೆಲಸ ಮಾಡುತ್ತಿದೆ. ದೊಡ್ಡ ಮೂಗಿನಲ್ಲಿ ಲೋಹವನ್ನು ಮುಟ್ಟುವ ಕಂಸದ ಉದ್ದ 0.58 ಮಿ.ಮೀ.; ಸಣ್ಣದರಲ್ಲಿ 0.42. ತೆಗೆಯುವ ಲೋಹ ಎರಡರಲ್ಲಿಯೂ ಅಷ್ಟೇ. ಆದುದರಿಂದ ದೊಡ್ಡ ಮೂಗು ಅದೇ ಲೋಹವನ್ನು ಅಗಲವಾದ, ತೆಳುವಾದ ಪದರವಾಗಿ ಸುಲಿಯುತ್ತದೆ. ಪದರ ತೆಳುವಾದಷ್ಟೂ ಅದೇ ಪ್ರಮಾಣದ ಲೋಹವನ್ನು ತೆಗೆಯಲು ಹೆಚ್ಚು ಬಲ ಬೇಕೆಂಬುದು ಲೋಹ ಕೊರೆಯುವ ಶಾಸ್ತ್ರದ ದೃಢವಾದ ಅನುಭವ. ದಿಕ್ಕೂ ಕೆಟ್ಟದ್ದು, ಬಲವೂ ಹೆಚ್ಚು.

ಇವೆರಡೂ ಸೇರಿದಾಗ ಹುಟ್ಟುವುದೇ ಚ್ಯಾಟರ್ ಎಂದು ಕಾರ್ಖಾನೆಗಳಲ್ಲಿ ಶಪಿಸಲ್ಪಡುವ ಕಂಪನ. ಇದು ಹೊರಗಿನಿಂದ ಯಾರೋ ಅಲುಗಿಸಿದ್ದರಿಂದ ಬರುವ ಕಂಪನವಲ್ಲ; ಕೊರೆತವು ತನ್ನನ್ನು ತಾನೇ ಅಲುಗಿಸಿಕೊಳ್ಳುತ್ತದೆ. ಯಾವುದೋ ಕಾರಣದಿಂದ ಸಲಾಕೆ ಒಮ್ಮೆ ನಡುಗಿತೆಂದರೆ ಮೇಲ್ಮೈಯಲ್ಲಿ ಒಂದು ಅಲೆ ಉಳಿಯುತ್ತದೆ. ಮುಂದಿನ ಸುತ್ತಿನಲ್ಲಿ ಟಿಪ್ಪು ಆ ಅಲೆಯ ಮೇಲೆಯೇ ಹಾಯಬೇಕು. ಉಬ್ಬಿನಲ್ಲಿ ಪದರ ದಪ್ಪ, ತಗ್ಗಿನಲ್ಲಿ ತೆಳು. ಬಲವೂ ಅದರಂತೆಯೇ ಏರಿಳಿಯುತ್ತದೆ. ಆ ಏರಿಳಿತವು ಸಲಾಕೆಯ ಸ್ವಾಭಾವಿಕ ಕಂಪನದೊಡನೆ ತಕ್ಕ ಸಮಯಕ್ಕೆ ಕೂಡಿಬಂದರೆ ನಡುಕ ಪ್ರತಿ ಸುತ್ತಿಗೂ ಬೆಳೆಯುತ್ತದೆ. ಉಯ್ಯಾಲೆಯನ್ನು ಸರಿಯಾದ ಕ್ಷಣದಲ್ಲಿ ಮೆಲ್ಲಗೆ ತಳ್ಳುತ್ತ ಹೋದಂತೆ. ಅಂಚು ಲೋಹವನ್ನು ಮುಟ್ಟಿರುವ ಅಗಲ ಹೆಚ್ಚಾದಷ್ಟೂ, ಬಲವು ಸಲಾಕೆ ಸುಲಭವಾಗಿ ಬಾಗುವ ದಿಕ್ಕಿಗೆ ತಿರುಗಿದಷ್ಟೂ, ಈ ಬೆಳವಣಿಗೆಗೆ ಅನುಕೂಲ. ದೊಡ್ಡ ಮೂಗು ಇವೆರಡನ್ನೂ ಒದಗಿಸುತ್ತದೆ. ಸೂತ್ರದ ಪ್ರಕಾರ 6 ಮೈಕ್ರಾನಿನ ದಿಣ್ಣೆಯಿರಬೇಕಾದ ಕಡೆ, ಕಣ್ಣಿಗೆ ಕಾಣುವ ಪಟ್ಟೆಗಳು ಮೂಡುತ್ತವೆ. ನಯಕ್ಕಾಗಿ ದೊಡ್ಡ ತ್ರಿಜ್ಯವನ್ನು ತಂದವನು ನಯವನ್ನೇ ಕಳೆದುಕೊಳ್ಳುತ್ತಾನೆ. ಸಣ್ಣ ಕಾರ್ಖಾನೆಯಲ್ಲಿ ಇದರ ಅರ್ಥವೇನೆಂದರೆ ಒಂದು ಷಾಫ್ಟು ಗುಜರಿಗೆ ಹೋಯಿತು, ಉಕ್ಕಿನ ಬೆಲೆಯೂ ಅದುವರೆಗಿನ ಕೂಲಿಯೂ ಅದರೊಡನೆ ಹೋಯಿತು. ಆ ನಷ್ಟಕ್ಕೆ ಎಷ್ಟೋ ವೇಳೆ ಯಂತ್ರದ ಮುಂದೆ ನಿಂತ ಹುಡುಗನನ್ನೇ ಹೊಣೆ ಮಾಡುತ್ತಾರೆ. ಟಿಪ್ಪನ್ನು ಆರಿಸಿದವನು ಅವನಲ್ಲ.

ಆದುದರಿಂದ ಕೊರೆತದ ಆಳವು ಮೂಗಿನ ತ್ರಿಜ್ಯಕ್ಕೆ ಸಮನಾಗಿರಲಿ, ತೀರ ಕಡಿಮೆಯೆಂದರೆ ಅದರ ಮೂರನೆಯ ಎರಡು ಭಾಗದಷ್ಟಾದರೂ ಇರಲಿ ಎಂಬ ರೂಢಿಯ ಮಾತಿಗೆ ನಾವು ಪೂರ್ಣ ಬೆಂಬಲ ಕೊಡುತ್ತೇವೆ. ಇದರಲ್ಲಿ ಇನ್ನೊಂದು ಲಾಭವೂ ಉಂಟು. ಟಿಪ್ಪಿನ ಮುಖದ ಮೇಲೆ ಅಚ್ಚೊತ್ತಿರುವ ತಗ್ಗು ದಿಣ್ಣೆಗಳು ಲೋಹದ ಸುರುಳಿಯನ್ನು ಮುರಿಯುವುದಕ್ಕಾಗಿ ಇರತಕ್ಕವು. ಮೂಗಿನ ತುದಿಯಿಂದ ಮಾತ್ರ ಸುಲಿದ ತೆಳುವಾದ ಪದರವು ಅವುಗಳಿಗೆ ಸರಿಯಾಗಿ ಸಿಕ್ಕದೆ ಉದ್ದನೆಯ ದಾರದಂತೆ ಹೊರಟು ಷಾಫ್ಟಿಗೂ ಚಕ್ಕಿಗೂ ಸುತ್ತಿಕೊಳ್ಳುತ್ತದೆ. ಕ್ಷೌರದ ಕತ್ತಿಯಷ್ಟು ಹರಿತವಾದ ಈ ಬಿಸಿ ಸುರುಳಿಯನ್ನು ಕೈಯಿಂದ ಎಳೆಯಹೋಗಿ ಬೆರಳನ್ನು ಕೊಯ್ದುಕೊಂಡವರು ಕಡಮೆಯಿಲ್ಲ.

ಇಷ್ಟು ಹೇಳಿದುದರಿಂದ ತ್ರಿಜ್ಯ ಸಣ್ಣದಾದಷ್ಟೂ ಒಳ್ಳೆಯದೆಂದು ತೀರ್ಮಾನಿಸಿದರೆ ಅದು ಇನ್ನೊಂದು ಬದಿಯ ಅರ್ಧ ಸತ್ಯವಾದೀತು. ಕಾರ್ಬೈಡಿನ ಸ್ವಭಾವವನ್ನು ಸ್ವಲ್ಪ ನೋಡಬೇಕು. ವಿದ್ಯುದ್ದೀಪದ ಟಂಗ್‌ಸ್ಟನ್ ತಂತಿಯನ್ನು ಎಳೆಯಲು ವಜ್ರದ ಅಚ್ಚುಗಳು ಬೇಕಾಗುತ್ತಿದ್ದುವು, ಅವು ದುಬಾರಿ. ವಜ್ರಕ್ಕೆ ಬದಲಿಯನ್ನು ಹುಡುಕುತ್ತ, ಬರ್ಲಿನ್ನಿನ ಓಸ್ರಾಂ ಸಂಸ್ಥೆಯಲ್ಲಿದ್ದ ಕಾರ್ಲ್ ಷ್ರೋಟರನು 1923ರಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಹುಡಿಯನ್ನು ಕೋಬಾಲ್ಟಿನಂತಹ ಲೋಹದೊಡನೆ ಒತ್ತಿ ಕಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಕೋರಿದನು. ಅದನ್ನು ಕ್ರುಪ್ ಸಂಸ್ಥೆಯವರು ಕೊಂಡು, ವಜ್ರದಂತೆ ಎಂಬ ಅರ್ಥದ ಜರ್ಮನ್ ಮಾತುಗಳನ್ನು ಕೂಡಿಸಿ, ವಿಡಿಯಾ ಎಂಬ ಹೆಸರಿನಿಂದ ಮಾರಿದರು. ಆ ಹೆಸರು ಕನ್ನಡಿಗರಿಗೆ ಹೊಸದಲ್ಲ. 1964ರಲ್ಲಿ ವಿಡಿಯಾ ಬೆಂಗಳೂರಿಗೂ ಬಂದಿತು. ತುಮಕೂರು ರಸ್ತೆಯ ಆ ಕಾರ್ಖಾನೆ ಇಂದು ಬೇರೆ ಹೆಸರಿನಲ್ಲಿ ನಡೆಯುತ್ತಿದ್ದರೂ ಕಾರ್ಬೈಡ್ ಟಿಪ್ಪಿಗೆ ವಿಡಿಯಾ ಎಂದೇ ಕರೆಯುವ ಹಳಬರು ಇನ್ನೂ ಇದ್ದಾರೆ.

ಈ ವಸ್ತು ಒತ್ತಿದರೆ ಕಲ್ಲಿಗಿಂತಲೂ ಗಟ್ಟಿ. ಎಳೆದರೆ ಅಥವಾ ಹಠಾತ್ತನೆ ಪೆಟ್ಟು ಕೊಟ್ಟರೆ ಗಾಜಿನ ಜಾತಿಗೆ ಸೇರಿದ್ದು. ಮೂಲೆ ಚೂಪಾದಷ್ಟೂ ಅಲ್ಲಿ ಲೋಹ ಕಡಿಮೆ, ಶಾಖವನ್ನು ಹೊತ್ತೊಯ್ಯುವ ದಾರಿಯೂ ಕಿರಿದು. ಎರಕದ ಮರಳುಕಟ್ಟಿದ ತೊಗಟೆಯನ್ನು ತೆಗೆಯುವಾಗಲೂ, ಕೀಲಿಗಾಡಿಯಿರುವ ಷಾಫ್ಟಿನಂತೆ ಪ್ರತಿ ಸುತ್ತಿಗೂ ಪೆಟ್ಟು ಬೀಳುವ ಕೆಲಸದಲ್ಲಿಯೂ 0.2 ಅಥವಾ 0.4ರ ಮೂಗನ್ನು ಹಾಕುವುದು ಹಣವನ್ನು ನೀರಿಗೆ ಹಾಕಿದಂತೆ. ಮೂರು ನಾಲ್ಕು ಮಿ.ಮೀ. ಆಳದಲ್ಲಿ ದಪ್ಪ ಕೆಲಸ ಮಾಡುವವನು 1.2ನ್ನೋ 1.6ನ್ನೋ ಹಾಕಲಿ; ಆ ಆಳದಲ್ಲಿ ಮೂಗು ಅಂಚಿನ ಒಂದು ಅಂಶ ಮಾತ್ರ. ಅಮೆರಿಕದ ಎಫ್. ಡಬ್ಲ್ಯು. ಟೇಲರನು 26 ವರ್ಷ ಉಕ್ಕನ್ನು ಕೊರೆದು ನೋಡಿ, ಫಲಿತಾಂಶಗಳನ್ನು 1906ರಲ್ಲಿ ಮೆಕಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟಾಗ ದುಂಡು ಮೂಗಿನ ಟೂಲುಗಳ ಪರವಾಗಿಯೇ ಮಾತನಾಡಿದನು. ಅವನ ಕೆಲಸ ಹೆಚ್ಚಾಗಿ ದೊಡ್ಡ ದೊಡ್ಡ ಉಕ್ಕಿನ ದಿಂಡುಗಳ ದಪ್ಪ ಕೆಲಸ. ಕೊರೆಯುವ ವೇಗವನ್ನು ನಿರ್ಧರಿಸುವ ಸಂಗತಿಗಳು ಹನ್ನೆರಡು ಎಂದು ಅವನು ಎಣಿಸಿದ್ದನು ಎಂಬುದನ್ನು, ಒಂದೇ ಸೂತ್ರದಿಂದ ತೃಪ್ತರಾಗುವವರು ಗಮನಿಸಬಹುದು.

ಟಿಪ್ಪಿನ ಮೂಗು ಲೇತಿನಲ್ಲಿಯೇ ಉಳಿಯುವುದಿಲ್ಲ, ಕಡೆದ ವಸ್ತುವಿನಲ್ಲಿ ತನ್ನ ಗುರುತನ್ನು ಬಿಟ್ಟು ಹೋಗುತ್ತದೆ. ಷಾಫ್ಟಿನ ವ್ಯಾಸ ಒಮ್ಮೆಲೇ ಬದಲಾಗುವ ಮೆಟ್ಟಿಲಿನ ಒಳಮೂಲೆಯಲ್ಲಿ ಟಿಪ್ಪಿನ ತ್ರಿಜ್ಯವೇ ಅಚ್ಚಾಗಿ ನಿಲ್ಲುತ್ತದೆ. 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸಿಗೆ ಹೋಗುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚೊಂದು ಮುರಿದು, ಗಾಡಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಹೊರಗೆ ನೋಡಿದರೆ ಗಟ್ಟಿಯಾಗಿದ್ದ ಅಚ್ಚು ಏಕೆ ಮುರಿಯಬೇಕು? ಮಾರನೆಯ ವರ್ಷ ಸ್ಕಾಟ್ಲೆಂಡಿನ ರ್‍ಯಾಂಕಿನ್ ಎಂಬ ತರುಣ ಎಂಜಿನಿಯರನು, ಮುರಿದ ರೈಲ್ವೆ ಅಚ್ಚುಗಳನ್ನು ಪರೀಕ್ಷಿಸಿ, ಬಿರುಕು ವ್ಯಾಸ ಬದಲಾಗುವ ಒಳಮೂಲೆಯಿಂದ ಹೊರಟು ಮೆಲ್ಲಮೆಲ್ಲಗೆ ಒಳಗೆ ಹಬ್ಬುತ್ತದೆಂದೂ, ಆ ಮೂಲೆಯನ್ನು ದುಂಡಗೆ ಮಾಡಬೇಕೆಂದೂ ಸೂಚಿಸಿದನು. ಚೂಪಾದ ಒಳಮೂಲೆಯಲ್ಲಿ ಬಿಗಿತ ಗುಂಪುಗೂಡುತ್ತದೆ. ಕೋಟಿಗಟ್ಟಲೆ ಸುತ್ತುಗಳಲ್ಲಿ ಉಕ್ಕು ಅಲ್ಲಿಯೇ ದಣಿಯುತ್ತದೆ. ಹಾಗಾದರೆ ಅಲ್ಲಿ ದೊಡ್ಡ ತ್ರಿಜ್ಯವೇ ಬೇಕೆಂದು ಹೊರಟರೆ ಬೇರಿಂಗ್ ಅಡ್ಡ ಬರುತ್ತದೆ. ಬೇರಿಂಗಿನ ಒಳ ಅಂಚೂ ದುಂಡಗಿರುತ್ತದೆ. ಷಾಫ್ಟಿನ ಮೂಲೆಯ ದುಂಡು ಅದಕ್ಕಿಂತ ದೊಡ್ಡದಾದರೆ ಬೇರಿಂಗ್ ಮೆಟ್ಟಿಲಿಗೆ ತಾಗಿ ಕೂರದೆ ಮೂಲೆಯ ಮೇಲೆ ಹತ್ತಿ ನಿಲ್ಲುತ್ತದೆ. ಆದುದರಿಂದ ಡ್ರಾಯಿಂಗಿನಲ್ಲಿ ಒಳಮೂಲೆಗೆ ಬರೆದ ಅಂಕಿಯೇ ಟಿಪ್ಪಿನ ಆಯ್ಕೆಯಲ್ಲಿ ಮೊದಲ ಮಾತು. ನಯದ ಅಂಕಿ ಆಮೇಲೆ. ಗರಿಷ್ಠ 0.6 ಎಂದು ಬರೆದಿರುವ ಮೂಲೆಗೆ 0.8ರ ಟಿಪ್ಪನ್ನು ಹಾಕಿ ಎಷ್ಟು ನಯಗೊಳಿಸಿದರೂ ಆ ಷಾಫ್ಟು ತಪ್ಪು ಷಾಫ್ಟೇ.

ಸಣ್ಣ ಮೂಗನ್ನು ಹಾಕಿದರೆ ನಯ ಹೋಗುವುದಲ್ಲ ಎಂಬ ಆಕ್ಷೇಪಣೆಗೆ ಉತ್ತರ ಅದೇ ಸೂತ್ರದಲ್ಲಿದೆ. ಅಲ್ಲಿ ತ್ರಿಜ್ಯ ಒಂದನೆಯ ಘಾತದಲ್ಲಿಯೂ ಫೀಡು ವರ್ಗದಲ್ಲಿಯೂ ಇರುವುದನ್ನು ನೋಡಿರಿ. ತ್ರಿಜ್ಯವನ್ನು ಅರ್ಧ ಮಾಡಿದರೆ ಫೀಡನ್ನು ಅರ್ಧ ಮಾಡಬೇಕಾಗಿಲ್ಲ; 0.2ರಿಂದ 0.14ಕ್ಕೆ ಇಳಿಸಿದರೆ ಸಾಕು, ದಿಣ್ಣೆ ಮತ್ತೆ ಅದೇ 6.25 ಮೈಕ್ರಾನಿಗೆ ಬರುತ್ತದೆ. 200 ಮಿ.ಮೀ. ಉದ್ದದ ಷಾಫ್ಟು ನಿಮಿಷಕ್ಕೆ 1000 ಸುತ್ತು ಸುತ್ತುತ್ತಿದ್ದರೆ, ಮೊದಲು ಒಂದು ನಿಮಿಷ ಹಿಡಿಯುತ್ತಿದ್ದ ಕೊನೆಯ ಕೊರೆತ ಈಗ ಒಂದು ನಿಮಿಷ 25 ಸೆಕೆಂಡು ಹಿಡಿಯುತ್ತದೆ. ಒಂದು ಷಾಫ್ಟಿನ ಮೇಲೆ 25 ಸೆಕೆಂಡು ಹೆಚ್ಚು ಹೋಯಿತೆಂದು ದುಃಖಿಸುವವರು, ಅದುರಿ ಕೆಟ್ಟ ಷಾಫ್ಟನ್ನು ಮೊದಲಿನಿಂದ ಮಾಡಲು ಹೋಗುವ ಹೊತ್ತನ್ನು ಎಣಿಸಿ ನೋಡಬೇಕು. ಆದರೆ ಸಾವಿರಾರು ಸಂಖ್ಯೆಯಲ್ಲಿ ಗಿಡ್ಡನೆಯ, ದಪ್ಪನೆಯ ತುಂಡುಗಳನ್ನು ಮಾಡುವ ಕಡೆ ಈ 25 ಸೆಕೆಂಡೇ ಲಾಭ ನಷ್ಟವನ್ನು ನಿರ್ಧರಿಸುತ್ತದೆಂಬುದನ್ನು ನಾವು ಒಪ್ಪುತ್ತೇವೆ. ಅಲ್ಲಿ ಬಾಗುವ ಭಯವಿಲ್ಲ, ದೊಡ್ಡ ಮೂಗೇ ಸರಿ. ಫೀಡನ್ನು ಇಳಿಸುವುದಕ್ಕೂ ಒಂದು ಮಿತಿಯುಂಟು. ಕಾರ್ಬೈಡಿನ ಅಂಚು ಸಹ ಪೂರ್ತಿ ಚೂಪಲ್ಲ. ಬೇಗ ಚೂರಾಗದಿರಲೆಂದು ಅದನ್ನು ಮಿಲಿಮೀಟರಿನ ಕೆಲವು ಶತಾಂಶಗಳಷ್ಟು ಮೊಂಡು ಮಾಡಿರುತ್ತಾರೆ. ಪದರದ ದಪ್ಪ ಅದಕ್ಕಿಂತ ತೀರ ಕಡಿಮೆಯಾದರೆ ಅಂಚು ಕೊರೆಯುವುದನ್ನು ಬಿಟ್ಟು ಉಜ್ಜಲಾರಂಭಿಸುತ್ತದೆ.

ಟಿಪ್ಪಿನ ಪೆಟ್ಟಿಗೆಯ ಮೇಲಿರುವ ಅಂಕಿಗಳ ವಿಷಯದಲ್ಲಿ ಒಂದು ವಿನೋದವುಂಟು. ಸಿಎನ್‌ಎಂಜಿ 120408 ಎಂದು ಬರೆದಿದ್ದರೆ ಕೊನೆಯ ಎರಡು ಅಂಕಿಗಳು 0.8 ಮಿ.ಮೀ. ತ್ರಿಜ್ಯವನ್ನು ಹೇಳುತ್ತವೆ. ಅಳತೆ ಮಾಡಿದರೆ ಅದು 0.794, ಎಂದರೆ ಅಂಗುಲದ ಮೂವತ್ತೆರಡನೆಯ ಒಂದು ಭಾಗ. ಅಂಗುಲದ ಅರವತ್ತನಾಲ್ಕನೆಯ ಭಾಗಗಳಲ್ಲಿ ಎಣಿಸುತ್ತಿದ್ದವರ ಮೆಟ್ಟಿಲುಗಳೇ ದಶಮಾಂಶದ ಅಂಗಿಯನ್ನು ತೊಟ್ಟು ಬಂದಿವೆ. ಅದೇ ಪೆಟ್ಟಿಗೆಯ ಮೇಲೆ ಎಷ್ಟು ಆಳ, ಎಷ್ಟು ಫೀಡು ಎಂದು ತಯಾರಕರು ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ. ಇಡೀ ಕಾರ್ಖಾನೆಯಲ್ಲಿ ಅತಿ ಕಡಿಮೆ ಓದಲ್ಪಡುವ ಸಾಹಿತ್ಯ ಇದೇ ಇರಬೇಕು.

ಒಂದೇ ಬಗೆಯ ಟಿಪ್ಪನ್ನು ಇಟ್ಟುಕೊಂಡರೆ ದಾಸ್ತಾನು ಸುಲಭ, ಬೆರಕೆಯಾಗುವುದಿಲ್ಲ ಎನ್ನುವ ಮಾಲೀಕರ ವಾದದಲ್ಲಿ ತಿರುಳಿದೆ. ಪೀಣ್ಯದಂತಹ ಕಡೆ ನಾಲ್ಕು ಯಂತ್ರಗಳನ್ನಿಟ್ಟುಕೊಂಡು ನಡೆಸುವವನಿಗೆ ಹತ್ತು ಬಗೆಯ ಪೆಟ್ಟಿಗೆಗಳಲ್ಲಿ ಹಣವನ್ನು ಹೂಡೆಂದು ಹೇಳುವುದು ಸುಲಭ, ಹೂಡುವುದು ಕಷ್ಟ. ಬೆರಕೆಯ ಭಯವೂ ಸುಳ್ಳಲ್ಲ. ಗಣಕ ನಿಯಂತ್ರಿತ ಲೇತಿನಲ್ಲಿ 0.4 ಎಂದು ಬರೆದಿಟ್ಟು 0.8ರ ಟಿಪ್ಪನ್ನು ಹಾಕಿದರೆ, ನೇರವಾದ ಭಾಗಗಳು ಸರಿಯಾಗಿಯೇ ಬಂದು, ಇಳಿಜಾರಿನ ಭಾಗಗಳು ಮಾತ್ರ ತಪ್ಪುತ್ತವೆ. 45 ಡಿಗ್ರಿಯ ಇಳಿಜಾರಿನಲ್ಲಿ ಈ ದೋಷವು ಎರಡು ತ್ರಿಜ್ಯಗಳ ವ್ಯತ್ಯಾಸದ 0.414ರಷ್ಟು, ಇಲ್ಲಿ 0.17 ಮಿ.ಮೀ. ಆದರೂ ಒಂದು 0.4, ಒಂದು 0.8, ಹೀಗೆ ಎರಡೇ ಬಗೆಯನ್ನಿಟ್ಟುಕೊಂಡರೂ ಹೆಚ್ಚಿನ ಕೆಲಸ ಸಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಸಪೂರವಾದ ಕೆಲಸ ಹೆಚ್ಚಾಗಿದ್ದರೆ 0.4ರ ಟಿಪ್ಪು ಡಿಸಿಎಂಟಿಯಂತಹ, ಕೆಳಗೆ ಇಳಿಜಾರಿರುವ ಹರಿತ ಜಾತಿಯದಾಗಿರಲಿ. ಅದರ ಬಲ ಇನ್ನೂ ಕಡಿಮೆ. ಮೂಗಿನ ಪಕ್ಕದಲ್ಲಿ ಒರೆಸುವ ಅಂಚೊಂದನ್ನು ಸೇರಿಸಿ, ಎರಡರಷ್ಟು ಫೀಡಿನಲ್ಲಿಯೂ ಅದೇ ನಯವನ್ನು ಕೊಡುವ ವೈಪರ್ ಟಿಪ್ಪುಗಳೂ ಈಗ ದೊರೆಯುತ್ತವೆ. ಅವು ಗಟ್ಟಿಯಾದ ಜಾಬಿಗೆ ವರ, ಸಪೂರವಾದುದಕ್ಕೆ ಶಾಪ; ಮುಟ್ಟುವ ಅಗಲ ಇನ್ನೂ ಹೆಚ್ಚುವುದೇ ಅದಕ್ಕೆ ಕಾರಣ.

ಕಾಲೇಜುಗಳ ವಿಷಯಕ್ಕೆ ಬಂದರೆ, ಬಾಗುವ ಸಲಾಕೆಯಿಂದ ಯಂಗನ ಗುಣಾಂಕವನ್ನು ಕಂಡುಹಿಡಿಯುವ ಪ್ರಯೋಗವನ್ನು ಒಂದು ಕಟ್ಟಡದಲ್ಲಿ ಮಾಡಿಸಿ, ಲೇತಿನ ಫಿನಿಶ್ ಸೂತ್ರವನ್ನು ಇನ್ನೊಂದು ಕಟ್ಟಡದಲ್ಲಿ ಬರೆಸುವ ಪದ್ಧತಿಯನ್ನು ಬಿಡಬೇಕೆಂದು ನಾವು ಸೂಚಿಸುತ್ತೇವೆ. ಲೇತ್ ಇರುವ ಯಾವ ಕಾಲೇಜಿನಲ್ಲಾದರೂ ಒಂದು ಮಧ್ಯಾಹ್ನದಲ್ಲಿ ಈ ಪ್ರಯೋಗ ಮುಗಿಯುತ್ತದೆ. 20 ಮಿ.ಮೀ. ವ್ಯಾಸದ ಉಕ್ಕಿನ ಸಲಾಕೆಯನ್ನು ಚಕ್ಕಿನಿಂದ 120 ಮಿ.ಮೀ. ಹೊರಗೆ ಚಾಚಿ ಹಿಡಿಯಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ, ಬೋಧಕರು ಹತ್ತಿರವಿರಬೇಕು. ಮೊದಲು ತೆಳುವಾದ ಕೊರೆತಗಳಿಂದ ಮೈಯನ್ನು ಸಮ ಮಾಡಿಕೊಂಡು, 0.8ರ ಟಿಪ್ಪಿನಿಂದ 0.2 ಆಳವನ್ನು ಒಂದೇ ಸಲ ತೆಗೆದು, ಚಕ್ಕಿನ ಬಳಿಯ ವ್ಯಾಸವನ್ನೂ ತುದಿಯ ವ್ಯಾಸವನ್ನೂ ಮೈಕ್ರೋಮೀಟರಿನಿಂದ ಅಳೆಯಬೇಕು. ಎರಡರ ವ್ಯತ್ಯಾಸದ ಅರ್ಧವೇ ಬಾಗುವಿಕೆ. ಉಕ್ಕಿನ ಗುಣಾಂಕ ಗೊತ್ತಿರುವುದರಿಂದ ಅದರಿಂದ ಬಲವನ್ನು ಲೆಕ್ಕ ಹಾಕಬಹುದು, ಸಲಾಕೆಯೇ ತಕ್ಕಡಿಯಾಯಿತು. ಮತ್ತೆ ಮೈಯನ್ನು ಸಮ ಮಾಡಿ 0.4ರ ಟಿಪ್ಪಿನಿಂದ ಅದೇ ಆಳ, ಅದೇ ಫೀಡು, ಅದೇ ವೇಗದಲ್ಲಿ ಇನ್ನೊಮ್ಮೆ. ಟಿಪ್ಪುಗಳು ಒಂದೇ ಜಾತಿಯವೂ ಎರಡೂ ಹೊಸವೂ ಆಗಿರಬೇಕು. ಚಕ್ಕೂ ಸ್ಪಿಂಡಲೂ ಸ್ವಲ್ಪ ಸಡಿಲುವುದರಿಂದ ಲೆಕ್ಕದ ಬಲವು ನಿಜವಾದ ಬಲಕ್ಕಿಂತ ಹೆಚ್ಚಾಗಿ ಬರುತ್ತದೆ. ಆ ಸಡಿಲವನ್ನು ಅಳೆಯಬೇಕಾದರೆ, ಲೇತನ್ನು ನಿಲ್ಲಿಸಿ, ಸಲಾಕೆಯ ತುದಿಗೆ ಐದು ಕಿಲೋಗ್ರಾಂ ತೂಕವನ್ನು ನೇತುಹಾಕಿ ಡಯಲ್ ಗೇಜಿನಲ್ಲಿ ಓದಿಕೊಳ್ಳಬಹುದು.